ನೀರು ಕುಡಿಯದ ಟೈಲ್: ಪೋರ್ಸಲೇನ್ ಆರಿಸುವುದು ಹೇಗೆ, ಕೂರಿಸುವುದು ಹೇಗೆ?

ಟೈಲ್ಸ್ ಅಂಗಡಿಗೆ ಹೋದವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಅಳತೆ, ಕೊನೆಗೆ ರೇಟು. ದಿನಾ ಕಣ್ಣಿಗೆ ಬೀಳುವುದು ಬಣ್ಣವೇ ಅಲ್ವಾ, ಅದರಲ್ಲಿ ತಪ್ಪಿಲ್ಲ. ಆದರೆ ಕೆಲವು ವರ್ಷ ಕಳೆದ ಮೇಲೆ ಕೇಳಿಬರುವ ದೂರುಗಳೇ ಬೇರೆ. ನೆಲದ ನಡುವೆ ಎರಡು ಟೈಲ್ ಗುಡಾರದ ಹಾಗೆ ಮೇಲೆದ್ದಿವೆ. ತಟ್ಟಿದರೆ ಟೊಳ್ಳು ಸದ್ದು. ಬಾಗಿಲ ಹತ್ತಿರ ಹೊಳಪು ಮಾಸಿದೆ. ಬಾತ್‌ರೂಮಿನಲ್ಲಿ ಕಾಲು ಜಾರುತ್ತದೆ. ಇವುಗಳಲ್ಲಿ ಒಂದಕ್ಕೂ ಬಣ್ಣ ಕಾರಣವಲ್ಲ.

ಗ್ಲೇಜ್ಡ್ ಪೋರ್ಸಲೇನ್, ಅಂದರೆ ಮೇಲೆ ಗಾಜಿನ ತೆಳು ಪದರವಿರುವ ಪೋರ್ಸಲೇನ್ ಟೈಲ್ ಬಗ್ಗೆ ಒಂದು ವಿಷಯ ಗೊತ್ತಿದ್ದರೆ ಉಳಿದದ್ದು ಅರ್ಥವಾಗುವುದು ಸುಲಭ. ಅದು ನೀರು ಕುಡಿಯುವುದಿಲ್ಲ. ಅದರ ಗಟ್ಟಿತನಕ್ಕೂ ಬಾಳಿಕೆಗೂ ಇದೇ ಮೂಲ. ಹಳೇ ಪದ್ಧತಿಯಲ್ಲಿ ಕೂರಿಸಿದರೆ ಅದು ಕಿತ್ತು ಬರುವುದಕ್ಕೂ ಇದೇ ಮೂಲ. ಹಾಗಾಗಿ ಯಾವ ಟೈಲ್ ತರಬೇಕು, ಅದನ್ನು ಹೇಗೆ ಹಾಕಿಸಬೇಕು ಎನ್ನುವ ಎರಡು ಪ್ರಶ್ನೆಗಳನ್ನು ಒಟ್ಟಿಗೇ ಯೋಚಿಸಬೇಕು.

## ಪೋರ್ಸಲೇನ್ ಅಂದರೆ ಏನು?

ಸೆರಾಮಿಕ್ ಟೈಲ್‌ಗಳೆಲ್ಲ ಸುಟ್ಟ ಮಣ್ಣೇ. ವ್ಯತ್ಯಾಸ ಇರುವುದು ಮಣ್ಣಿನ ಜೊತೆ ಏನು ಬೆರೆಸುತ್ತಾರೆ, ಎಷ್ಟು ಬಿಸಿಯಲ್ಲಿ ಸುಡುತ್ತಾರೆ ಎನ್ನುವುದರಲ್ಲಿ. ಪೋರ್ಸಲೇನ್‌ಗೆ ಬಿಳಿ ಜೇಡಿಮಣ್ಣು, ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್ ಎಂಬ ಖನಿಜ ಬೇಕು. ಇವನ್ನು ನೀರಿನ ಜೊತೆ ನುಣ್ಣಗೆ ಅರೆದು, ಒಣಗಿಸಿ ಪುಡಿ ಮಾಡುತ್ತಾರೆ. ಆ ಪುಡಿಯನ್ನು ಭಾರೀ ಒತ್ತಡದಲ್ಲಿ ಒತ್ತಿ ಹಲಗೆ ಮಾಡುತ್ತಾರೆ. ಆಮೇಲೆ ಸುಮಾರು 1200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಡುತ್ತಾರೆ.

ಆ ಬಿಸಿಗೆ ಫೆಲ್ಡ್‌ಸ್ಪಾರ್ ಕರಗುತ್ತದೆ. ಮರಳಿನ ಗುಡ್ಡೆಯ ಮೇಲೆ ಕರಗಿದ ಮೇಣ ಸುರಿದರೆ ಅದು ಕಣಗಳ ನಡುವೆ ಇಳಿದು, ಆರಿದ ಮೇಲೆ ಎಲ್ಲವನ್ನೂ ಬಿಗಿಯಾಗಿ ಹಿಡಿಯುತ್ತದೆ ನೋಡಿ. ಇಲ್ಲಿಯೂ ಅದೇ ನಡೆಯುತ್ತದೆ, ಮೇಣದ ಜಾಗದಲ್ಲಿ ಗಾಜು ಇರುತ್ತದೆ ಅಷ್ಟೆ. ಸಣ್ಣ ತೂತುಗಳೆಲ್ಲ ಗಾಜಿನಿಂದ ಮುಚ್ಚಿಹೋಗುತ್ತವೆ. ವಿಟ್ರಿಫೈಡ್ ಎಂದು ಕರೆಯುವುದು ಈ ಕಾರಣಕ್ಕೆ.

ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 13006ರ ಪ್ರಕಾರ ಪೋರ್ಸಲೇನ್ ಟೈಲ್ ತನ್ನ ತೂಕದ ಶೇ. 0.5ಕ್ಕಿಂತ ಜಾಸ್ತಿ ನೀರು ಹೀರಬಾರದು. ಗೋಡೆಗೆಂದೇ ಮಾಡುವ ಸಾಮಾನ್ಯ ಸೆರಾಮಿಕ್ ಟೈಲ್ ಶೇ. 10ಕ್ಕಿಂತ ಜಾಸ್ತಿ ಹೀರುತ್ತದೆ. 10 ಕೆ.ಜಿ. ಟೈಲ್ ಅನ್ನು ಲೆಕ್ಕಕ್ಕೆ ಹಿಡಿದರೆ ಒಂದು ಕಡೆ ಹೆಚ್ಚೆಂದರೆ 50 ಗ್ರಾಂ ನೀರು, ಇನ್ನೊಂದು ಕಡೆ ಒಂದು ಕೆ.ಜಿ.ಗೂ ಜಾಸ್ತಿ. ಅಂಗಡಿಯಲ್ಲೇ ಇದನ್ನು ಒಂದು ಮಟ್ಟಿಗೆ ನೋಡಬಹುದು. ಟೈಲ್ ಮಗುಚಿ ಹಿಂಭಾಗಕ್ಕೆ ನಾಲ್ಕು ಹನಿ ನೀರು ಹಾಕಿ. ಸಾಮಾನ್ಯ ಗೋಡೆ ಟೈಲ್‌ನಲ್ಲಿ ಹನಿ ಬೇಗನೆ ಇಂಗಿ, ಅಲ್ಲಿ ಕಪ್ಪಗಿನ ಕಲೆ ಹರಡುತ್ತದೆ. ಪೋರ್ಸಲೇನ್‌ನಲ್ಲಿ ಹನಿ ಹಾಗೇ ಕೂತಿರುತ್ತದೆ.

ಇನ್ನು ಗ್ಲೇಜ್. ಹಲಗೆಯ ಮೇಲೆ ಬಳಿದು, ಅದರ ಜೊತೆಗೇ ಸುಡುವ ಗಾಜಿನ ತೆಳು ಪದರ ಇದು. ಅಮೃತಶಿಲೆಯಂತೆ, ಮರದಂತೆ ಕಾಣುವ ಚಿತ್ತಾರವನ್ನು ಇಂಕ್‌ಜೆಟ್ ಯಂತ್ರದಿಂದ ಛಾಪಿಸುತ್ತಾರೆ. ಅಂದರೆ ನೀವು ನೋಡುವ ಬಣ್ಣ ಮೇಲ್ಪದರದ್ದು ಮಾತ್ರ. ಅಂಚು ಚಕ್ಕೆ ಎದ್ದರೆ ಒಳಗಿನ ಬೇರೆ ಬಣ್ಣ ಕಾಣುತ್ತದೆ. ಪೂರ್ತಿ ಒಂದೇ ಬಣ್ಣದ, ಗ್ಲೇಜ್ ಇಲ್ಲದ ಪೋರ್ಸಲೇನ್‌ನಲ್ಲಿ ಈ ತೊಂದರೆ ಇಲ್ಲ, ಆದರೆ ಚಿತ್ತಾರದ ಆಯ್ಕೆ ಕಡಿಮೆ. ಖರೀದಿಸುವಾಗ ಒಂದು ವಿನ್ಯಾಸದಲ್ಲಿ ಎಷ್ಟು ಬೇರೆ ಬೇರೆ ಚಿತ್ರಗಳಿವೆ ಎಂದು ಕೇಳಿ. ಎರಡೋ ಮೂರೋ ಆದರೆ, ಹಾಕಿದ ಮೇಲೆ ಒಂದೇ ಗೆರೆ ಪಕ್ಕಪಕ್ಕದಲ್ಲಿ ಮತ್ತೆ ಮತ್ತೆ ಕಂಡು ನಕಲಿ ಅನ್ನಿಸಿಬಿಡುತ್ತದೆ.

## ಪೆಟ್ಟಿಗೆಯ ಮೇಲಿನ ಗುರುತುಗಳು

ಪೆಟ್ಟಿಗೆಯ ಮೇಲೆ, ಇಲ್ಲವೇ ಕಂಪನಿಯ ಮಾಹಿತಿ ಹಾಳೆಯಲ್ಲಿ ಒಂದಿಷ್ಟು ಅಕ್ಷರ, ಅಂಕಿಗಳಿರುತ್ತವೆ. ಯಾರೂ ಅಷ್ಟಾಗಿ ಓದದ ಜಾಗ. ಆದರೆ ಬಣ್ಣ ಹೇಳದ ಸಂಗತಿಗಳೆಲ್ಲ ಇರುವುದು ಅಲ್ಲೇ.

ಮೊದಲನೆಯದು ಪಿಇಐ ಎಂಬ ಸವೆತದ ದರ್ಜೆ. ಗ್ಲೇಜ್ ಮೇಲೆ ಉಕ್ಕಿನ ಗುಂಡು, ಉಜ್ಜುವ ಪುಡಿ, ನೀರು ಹಾಕಿ ತಿರುಗಿಸುತ್ತಾರೆ. ಎಷ್ಟು ಸುತ್ತಿಗೆ ಸವೆತ ಕಣ್ಣಿಗೆ ಕಾಣುತ್ತದೆ ಎಂದು ನೋಡಿ 0ಯಿಂದ 5ರವರೆಗೆ ದರ್ಜೆ ಕೊಡುತ್ತಾರೆ. 5ನೇ ದರ್ಜೆ ಬೇಕಾದರೆ 12,000 ಸುತ್ತು ದಾಟಬೇಕು, ಆಮೇಲೆ ಕಲೆಯ ಪರೀಕ್ಷೆಯನ್ನೂ ಗೆಲ್ಲಬೇಕು. ಗೋಡೆಗೆ ಯಾವ ದರ್ಜೆಯಾದರೂ ನಡೆಯುತ್ತದೆ. ಮಲಗುವ ಕೋಣೆಗೆ 3 ಸಾಕು. ಹಾಲ್, ಅಡುಗೆಮನೆ, ಹೊರಬಾಗಿಲ ಹತ್ತಿರ 4 ಇದ್ದರೆ ನೆಮ್ಮದಿ. ಗ್ಲೇಜ್ ಇಲ್ಲದ ಟೈಲ್‌ಗೆ ಈ ದರ್ಜೆ ಅನ್ವಯಿಸುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆ ಇದೆ.

ಗ್ಲೇಜ್‌ಗೆ ನಿಜವಾದ ಶತ್ರು ಚಪ್ಪಲಿ ಅಲ್ಲ, ಚಪ್ಪಲಿಗೆ ಅಂಟಿಕೊಂಡು ಬರುವ ಮರಳು. ಮರಳಿನಲ್ಲಿ ಜಾಸ್ತಿ ಇರುವುದು ಕ್ವಾರ್ಟ್ಜ್. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅದರ ಸ್ಥಾನ 7. ಸಾಮಾನ್ಯವಾಗಿ ಹೊಳೆಯುವ ಗ್ಲೇಜ್ ಅದಕ್ಕಿಂತ ಮೆತ್ತಗಿರುತ್ತದೆ. ಹಾಗಾಗಿ ಕನ್ನಡಿಯಂತೆ ಹೊಳೆಯುವ ಕಪ್ಪು ಟೈಲ್ ಮೇಲೆ ಗೀರು ಬೇಗ ಕಾಣುತ್ತದೆ, ತಿಳಿಬಣ್ಣದ ಮ್ಯಾಟ್ ಟೈಲ್ ಮೇಲೆ ಅಷ್ಟಾಗಿ ಕಾಣುವುದಿಲ್ಲ. ಬಾಗಿಲಿಗೆ ಒಂದು ಒಳ್ಳೆಯ ಕಾಲೊರೆಸು ಹಾಕಿದರೆ ಅರ್ಧ ಕೆಲಸ ಆದಂತೆ.

ಎರಡನೆಯದು ಜಾರುವಿಕೆ. ಇಲ್ಲಿ ಎಡವುವವರು ಜಾಸ್ತಿ. ಆರ್9, ಆರ್10 ಎಂದು ಆರ್13ರವರೆಗೆ ಒಂದು ಅಳತೆ ಇದೆ. ಎಣ್ಣೆ ಸವರಿದ ಟೈಲ್ ಹಲಗೆಯ ಮೇಲೆ ಶೂ ಹಾಕಿದ ವ್ಯಕ್ತಿಯನ್ನು ನಡೆಸುತ್ತಾ, ಹಲಗೆಯನ್ನು ನಿಧಾನವಾಗಿ ಓರೆ ಮಾಡುತ್ತಾ ಹೋಗುತ್ತಾರೆ. ಎಷ್ಟು ಡಿಗ್ರಿಗೆ ಅವರಿಗೆ ನಿಲ್ಲಲಾಗುವುದಿಲ್ಲವೋ ಅದರ ಮೇಲೆ ದರ್ಜೆ. ಈ ಅಳತೆ ಶುರುವಾಗುವುದೇ 9ರಿಂದ. 9 ಅಂಕ ಬಂದಿದೆ, ಒಳ್ಳೆಯದೇ ಇರಬೇಕು ಎಂದುಕೊಳ್ಳಬೇಡಿ. ಅದು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು, 6ರಿಂದ 10 ಡಿಗ್ರಿ ಓರೆಗಷ್ಟೇ ಸಾಕಾಗುವಂಥದ್ದು. ಒಣ ಕೋಣೆಗೆ ಸರಿ, ಒದ್ದೆ ಜಾಗಕ್ಕೆ ಬೇಡ.

ಬಾತ್‌ರೂಮಿಗೆ ಬರಿಗಾಲಿನ ಪರೀಕ್ಷೆ ಬೇರೆಯೇ ಇದೆ. ಸೋಪಿನ ನೀರಿನ ಮೇಲೆ ಬರಿಗಾಲಲ್ಲಿ ನಡೆಸಿ ಎ, ಬಿ, ಸಿ ಎಂದು ದರ್ಜೆ ಕೊಡುತ್ತಾರೆ. ಎ ದರ್ಜೆಗೆ 12 ಡಿಗ್ರಿ, ಬಿ ದರ್ಜೆಗೆ 18, ಸಿ ದರ್ಜೆಗೆ 24 ಡಿಗ್ರಿ ತಲುಪಬೇಕು. ಸ್ನಾನದ ಜಾಗಕ್ಕೆ ಬಿ ಕೇಳಿ ಪಡೆಯಿರಿ. ಮನೆಯಲ್ಲಿ ವಯಸ್ಸಾದವರಿದ್ದರೆ ಈ ಒಂದು ವಿಷಯದಲ್ಲಿ ಅಂದಕ್ಕೆ ಸೋಲಬೇಡಿ. ಒರಟು ಜಾಸ್ತಿಯಾದಷ್ಟೂ ಕೊಳೆ ಹಿಡಿಯುವುದು ನಿಜ. ಅದಕ್ಕೆ ಇನ್ನೊಂದು ದಾರಿ ಸಣ್ಣ ಟೈಲ್. ಸಂದುಗಳು ಜಾಸ್ತಿ ಇರುವುದರಿಂದ ಪಾದಕ್ಕೆ ಹಿಡಿತ ಸಿಗುತ್ತದೆ, ನೀರು ಹರಿಯುವ ಇಳಿಜಾರಿಗೂ ಅವು ಚೆನ್ನಾಗಿ ಹೊಂದಿಕೊಳ್ಳುತ್ತವೆ.

ಮೂರನೆಯದು ಶೇಡ್ ಮತ್ತು ಕ್ಯಾಲಿಬರ್. ಸುಡುವಾಗ ಟೈಲ್ ಕುಗ್ಗುತ್ತದೆ, ಬಣ್ಣವೂ ಕೊಂಚ ಬದಲಾಗುತ್ತದೆ. ಪ್ರತಿ ಸಲವೂ ಅಷ್ಟೇ ಕುಗ್ಗುವುದಿಲ್ಲ. ಆದ್ದರಿಂದ ಒಂದೇ ಹೆಸರಿನ ಎರಡು ಪೆಟ್ಟಿಗೆಗಳಲ್ಲಿ ಬಣ್ಣ, ಅಳತೆ ಚೂರು ಬೇರೆ ಇರಬಹುದು. ಬಣ್ಣದ ಗುರುತು ಶೇಡ್, ಅಳತೆಯ ಗುರುತು ಕ್ಯಾಲಿಬರ್. ಎಲ್ಲ ಪೆಟ್ಟಿಗೆಯಲ್ಲೂ ಇವೆರಡು ಒಂದೇ ಇವೆಯಾ ಎಂದು ಗಾಡಿಯಿಂದ ಇಳಿಸುವಾಗಲೇ ನೋಡಿ. ಹಾಕಿದ ಮೇಲೆ ಗೊತ್ತಾದರೆ ಯಾರೂ ಬದಲಿಸಿ ಕೊಡುವುದಿಲ್ಲ. ರೆಕ್ಟಿಫೈಡ್ ಎಂದು ಬರೆದಿದ್ದರೆ ಸುಟ್ಟ ಮೇಲೆ ಅಂಚುಗಳನ್ನು ಯಂತ್ರದಲ್ಲಿ ಉಜ್ಜಿ ಒಂದೇ ಅಳತೆಗೆ ತಂದಿದ್ದಾರೆ ಎಂದರ್ಥ. ಸಂದು ಕಿರಿದಾಗಿ ಬೇಕೆನ್ನುವವರಿಗೆ ಇದೇ ಆಗಬೇಕು.

ಇನ್ನೊಂದು ಪರೀಕ್ಷೆಗೆ ಯಾವ ಗುರುತೂ ಬೇಡ. ಎರಡು ಉದ್ದನೆಯ ಟೈಲ್ ತೆಗೆದು ಮುಖಕ್ಕೆ ಮುಖ ಸೇರಿಸಿ ನಿಲ್ಲಿಸಿ, ಪಕ್ಕದಿಂದ ನೋಡಿ. ಮಧ್ಯೆ ಅಂಟಿಕೊಂಡು ತುದಿಗಳಲ್ಲಿ ಬೆಳಕು ಕಂಡರೆ ಟೈಲ್ ಬಾಗಿದೆ. ಸ್ವಲ್ಪ ಬಾಗು ಇದ್ದೇ ಇರುತ್ತದೆ, ಮಾನದಂಡವೇ ಅದಕ್ಕೆ ಅವಕಾಶ ಕೊಟ್ಟಿದೆ. ಎಷ್ಟಿದೆ ಎಂದು ತಿಳಿದಿದ್ದರೆ ಜೋಡಣೆ ಹೇಗಿರಬೇಕು ಎಂದು ಮೊದಲೇ ತೀರ್ಮಾನಿಸಬಹುದು.

## ನೆಲದ ಟೈಲ್ ಗೋಡೆಗೆ ಹಾಕಬಹುದಾ?

ಹಾಕಬಹುದು. ಗೋಡೆಯ ಟೈಲ್ ಅನ್ನು ನೆಲಕ್ಕೆ ಹಾಕಬಾರದು, ಭಾರಕ್ಕೆ ಒಡೆಯುತ್ತದೆ. ಆದರೆ ಪೋರ್ಸಲೇನ್ ತೂಕದ ವಸ್ತು. 10 ಮಿ.ಮೀ. ದಪ್ಪದ್ದಾದರೆ ಒಂದು ಚದರ ಮೀಟರ್ ಸುಮಾರು 23 ಕೆ.ಜಿ. ತೂಗುತ್ತದೆ. 10 ಚದರ ಮೀಟರ್ ಗೋಡೆಗೆ ಸುಮಾರು 230 ಕೆ.ಜಿ., ಅಂಟಿನ ತೂಕ ಬೇರೆ. ಇಷ್ಟು ಭಾರ ಗೋಡೆಯ ಮೇಲ್ಮೈಗೇ ನೇತಾಡಬೇಕು. ಗೋಡೆಗೆ ಪೇಂಟ್ ಇದ್ದು ಅದರ ಮೇಲೇ ಅಂಟಿಸಿದರೆ, ಟೈಲ್ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎನ್ನುವುದು ಪೇಂಟ್ ಎಷ್ಟು ಗಟ್ಟಿಯಾಗಿ ನಿಂತಿದೆ ಎನ್ನುವುದರ ಮೇಲೆ ಹೋಗುತ್ತದೆ. ಪೇಂಟ್, ಪುಟ್ಟಿ ಎರಡನ್ನೂ ಕೆರೆದು ತೆಗೆಯಬೇಕು. ಗೋಡೆಗೆ ತೆಳುವಾದ ಪೋರ್ಸಲೇನ್ ಸಿಕ್ಕರೆ ಅದೇ ವಾಸಿ.

## ಬರೀ ಸಿಮೆಂಟ್ ಯಾಕೆ ಸಾಲದು?

ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದು, ಸ್ವಲ್ಪ ನಿಧಾನವಾಗಿ ನೋಡೋಣ.

ನೀರು ಹೀರುವ ಟೈಲ್ ಇದ್ದಾಗ ಗಾರೆ ಕೆಲಸದವರು ಅದನ್ನು ಬಕೆಟ್ಟಿನಲ್ಲಿ ನೆನೆಸಿಟ್ಟು, ಹಿಂಭಾಗಕ್ಕೆ ಸಿಮೆಂಟ್ ಹಾಲು ಬಳಿದು ಕೂರಿಸುತ್ತಿದ್ದರು. ಸಿಮೆಂಟ್ ನೀರು ಟೈಲಿನ ಸಣ್ಣ ತೂತುಗಳಿಗೆ ಇಳಿಯುತ್ತಿತ್ತು. ಒಳಗೇ ಗಟ್ಟಿಯಾಗಿ, ಬೇರು ಬಿಟ್ಟ ಹಾಗೆ ಹಿಡಿದುಕೊಳ್ಳುತ್ತಿತ್ತು. ಆ ಟೈಲ್‌ಗೆ ಆ ಪದ್ಧತಿ ಸರಿಯಾಗಿಯೇ ಇತ್ತು.

ಪೋರ್ಸಲೇನ್‌ನಲ್ಲಿ ಇಳಿಯಲು ತೂತುಗಳೇ ಇಲ್ಲ. ಸಿಮೆಂಟ್ ಹಿಂಭಾಗಕ್ಕೆ ತಾಗಿ ಕೂತಿರುತ್ತದೆ, ಹಿಡಿದಿರುವುದಿಲ್ಲ. ನೆಲ ಬಿಸಿಯಾಗಿ ತಣ್ಣಗಾಗಿ ಕೊಂಚ ಅಲುಗಿದರೂ ಬಿಟ್ಟುಕೊಳ್ಳುತ್ತದೆ. ಕಿತ್ತು ಬಂದ ಟೈಲ್ ತಿರುಗಿಸಿ ನೋಡಿದರೆ ಹಿಂಭಾಗ ಹೊಸದರಂತೆ ಸ್ವಚ್ಛವಾಗಿರುತ್ತದೆ, ಸಿಮೆಂಟೆಲ್ಲ ನೆಲದಲ್ಲೇ ಉಳಿದಿರುತ್ತದೆ. ಸಿಮೆಂಟಿನ ಮೇಲೆ ಟೈಲಿನ ಹಿಂಬದಿಯ ಗೆರೆಗಳು ಅಚ್ಚೊತ್ತಿದ ಹಾಗೆ ಮೂಡಿರುತ್ತವೆ. ಅಂದರೆ ಸಿಮೆಂಟ್ ಪೂರ್ತಿ ತಾಗಿತ್ತು, ಅಂಟಿರಲಿಲ್ಲ.

ಅದಕ್ಕೇ ಟೈಲ್ ಅಂಟು ಬೇಕು. ಇದರಲ್ಲೂ ಸಿಮೆಂಟ್, ಮರಳು ಇರುತ್ತವೆ. ಜೊತೆಗೆ ಪಾಲಿಮರ್ ಎಂಬ ಪುಡಿ ಇರುತ್ತದೆ. ನೀರು ಹಾಕಿ ಕಲಸಿದಾಗ ಅದು ತೆಳುವಾದ, ಬಳುಕುವ ಪೊರೆಯಾಗಿ ನುಣುಪು ಮೇಲ್ಮೈಗೂ ಅಂಟಿಕೊಳ್ಳುತ್ತದೆ. ಚೀಲದ ಮೇಲೆ ಸಿ1, ಸಿ2 ಎಂದು ಬರೆದಿರುತ್ತಾರೆ. ಪರೀಕ್ಷೆಯಲ್ಲಿ ಸಿ1 ಅಂಟಿನ ಒಂದು ಚದರ ಸೆಂ.ಮೀ. ಜಾಗ ಸುಮಾರು 5 ಕೆ.ಜಿ. ಎಳೆತ ತಡೆಯಬೇಕು, ಸಿ2 ಆದರೆ 10 ಕೆ.ಜಿ. ಪೋರ್ಸಲೇನ್‌ಗೆ ಸಿ2 ತೆಗೆದುಕೊಳ್ಳಿ. ಅದರ ಮುಂದೆ ಟಿ ಅಕ್ಷರ ಇದ್ದರೆ ಗೋಡೆಯ ಮೇಲೆ ಟೈಲ್ ಕೆಳಕ್ಕೆ ಜಾರುವುದಿಲ್ಲ. ಇ ಇದ್ದರೆ ಬಳಿದ ಅಂಟು ಬೇಗ ಒಣಗುವುದಿಲ್ಲ. ಎಸ್1 ಇದ್ದರೆ ಕೊಂಚ ಬಳುಕುತ್ತದೆ. ಬಿಸಿಲು ಬೀಳುವ ಜಾಗಕ್ಕೆ, ದೊಡ್ಡ ಟೈಲ್‌ಗೆ ಈ ಎಸ್1 ಬೇಕು.

ಪೋರ್ಸಲೇನ್ ಅನ್ನು ನೀರಲ್ಲಿ ನೆನೆಸಬೇಡಿ. ಅದು ಕುಡಿಯದ ನೀರು ಹಿಂಭಾಗದಲ್ಲೇ ನಿಂತು ಅಂಟನ್ನು ತೆಳ್ಳಗೆ ಮಾಡುತ್ತದೆ. ಇನ್ನೊಂದು ಸಣ್ಣ ವಿಷಯವನ್ನು ತುಂಬಾ ಜನ ಮರೆಯುತ್ತಾರೆ. ಸುಡುವಾಗ ಗೂಡಿನ ಉರುಳೆಗಳಿಗೆ ಅಂಟದಿರಲಿ ಎಂದು ಟೈಲಿನ ಹಿಂಭಾಗಕ್ಕೆ ಬಿಳಿ ಪುಡಿ ಬಳಿದಿರುತ್ತಾರೆ. ಬೆರಳಾಡಿಸಿದರೆ ಕೈಗೆ ಹತ್ತುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಆಮೇಲೆ ಅಂಟು ಹಾಕಬೇಕು.

## ಅಂಟು ಹಾಕುವ ಬಗೆ

ನಾಲ್ಕು ಮೂಲೆಗೊಂದು, ಮಧ್ಯಕ್ಕೊಂದು ಉಂಡೆ ಅಂಟು ಇಟ್ಟು ಒತ್ತುವುದು ಸುಲಭ, ಬೇಗ ಮಟ್ಟಕ್ಕೆ ಬರುತ್ತದೆ. ಆದರೆ ಉಂಡೆಗಳ ನಡುವೆ ಎಲ್ಲ ಖಾಲಿ. ಅಲ್ಲಿ ಭಾರದ ವಸ್ತು ಬಿದ್ದರೆ ಟೈಲ್ ಸೀಳುತ್ತದೆ, ಒದ್ದೆ ಜಾಗವಾದರೆ ನೀರು ತುಂಬಿಕೊಳ್ಳುತ್ತದೆ. ಟೈಲಿನ ಕೆಳಗೆ ಒಣ ಜಾಗದಲ್ಲಿ ಕನಿಷ್ಠ ಶೇ. 80, ಒದ್ದೆ ಜಾಗ ಮತ್ತು ಹೊರಾಂಗಣದಲ್ಲಿ ಶೇ. 95 ಭಾಗಕ್ಕೆ ಅಂಟು ತಾಗಿರಬೇಕು ಎನ್ನುವುದು ಅಮೆರಿಕದ ಮಾನದಂಡ.

ಇದನ್ನು ಸಾಧಿಸುವುದು ಹಲ್ಲಿರುವ ಕರಣೆಯಿಂದ. ಮೊದಲು ಕರಣೆಯ ಚಪ್ಪಟೆ ಬದಿಯಿಂದ ನೆಲಕ್ಕೆ ಅಂಟನ್ನು ಒತ್ತಿ ಬಳಿಯಬೇಕು. ಆಮೇಲೆ ಹಲ್ಲಿನ ಬದಿಯಿಂದ ನೇರ ಗೆರೆ ಎಳೆಯಬೇಕು, ಎಲ್ಲವೂ ಒಂದೇ ದಿಕ್ಕಿಗೆ. ಸುತ್ತುಸುತ್ತಾಗಿ ಎಳೆದರೆ ನೋಡಲು ಚೆನ್ನ, ಆದರೆ ಸುತ್ತಿನೊಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ನೇರ ಗೆರೆಯಾದರೆ ಟೈಲ್ ಇಟ್ಟು, ಗೆರೆಗೆ ಅಡ್ಡಲಾಗಿ ಹಿಂದೆ ಮುಂದೆ ಜರುಗಿಸಿ ಒತ್ತಿದಾಗ ಏಣುಗಳು ಮಲಗುತ್ತವೆ, ಗಾಳಿ ಪಕ್ಕಕ್ಕೆ ಓಡುತ್ತದೆ. ದೊಡ್ಡ ಟೈಲ್ ಆದರೆ ಹಿಂಭಾಗಕ್ಕೂ ತೆಳುವಾಗಿ ಅಂಟು ಸವರಬೇಕು.

ಕೆಲಸ ನಡೆಯುವಾಗ ಆಗಾಗ ಒಂದು ಟೈಲ್ ಎತ್ತಿಸಿ ನೋಡಿ. ಹಿಂಭಾಗ ಪೂರ್ತಿ ಬೂದು ಬಣ್ಣವಾಗಿದ್ದರೆ ಸರಿಯಾಗಿದೆ. ಗೆರೆಗೆರೆಯಾಗಿ, ನಡುನಡುವೆ ಖಾಲಿ ಪಟ್ಟೆ ಕಂಡರೆ ಅಂಟು ಸಾಲದು, ಇಲ್ಲವೇ ಒತ್ತಿದ್ದು ಸಾಲದು. ಏಣುಗಳು ಚಪ್ಪಟೆಯಾಗಿಯೂ ಟೈಲ್‌ಗೆ ಏನೂ ಹತ್ತದಿದ್ದರೆ ಅಂಟಿನ ಮೇಲೆ ಕೆನೆ ಕಟ್ಟಿದೆ. ಅದಕ್ಕೆ ನೀರು ಚಿಮುಕಿಸಿ ಸರಿಮಾಡಲು ಆಗುವುದಿಲ್ಲ, ಕೆರೆದು ಹೊಸದಾಗಿ ಬಳಿಯಬೇಕು.

## ಟೈಲಿನ ಕೆಳಗಿರುವ ನೆಲ

ಅಂಟು ನೆಲದ ತಗ್ಗು ತುಂಬಲು ಇರುವುದಲ್ಲ. ನೆಲದ ಮಟ್ಟ ಮೊದಲೇ ಸರಿಯಿರಬೇಕು. ಒಂದು ಬದಿ 15 ಇಂಚಿಗಿಂತ ಉದ್ದವಿರುವ ಟೈಲ್‌ಗೆ 10 ಅಡಿ ಉದ್ದದಲ್ಲಿ ಏರುತಗ್ಗು ಸುಮಾರು 3 ಮಿ.ಮೀ. ಮೀರಬಾರದು. ಉದ್ದನೆಯ ಮಟ್ಟಗೋಲು ಇಟ್ಟು, ಕೆಳಗೆ ಬೆಳಕು ಎಲ್ಲಿ ನುಸುಳುತ್ತದೆ ಎಂದು ನೋಡಿದರೆ ಗೊತ್ತಾಗುತ್ತದೆ. ಹೊಸ ಕಾಂಕ್ರೀಟ್ ಆದರೆ ಕನಿಷ್ಠ 28 ದಿನ ಬಿಡಿ. ಅದು ಒಣಗುತ್ತಾ ಕುಗ್ಗುತ್ತದೆ, ಟೈಲ್ ಕುಗ್ಗುವುದಿಲ್ಲ.

ಬಾತ್‌ರೂಮಿಗೆ ಒಂದು ಮಾತು ಖಡಾಖಂಡಿತ. ಪೋರ್ಸಲೇನ್ ನೀರು ಬಿಡುವುದಿಲ್ಲ ನಿಜ, ಆದರೆ ಸಂದುಗಳು ಬಿಡುತ್ತವೆ. ನೀರು ಸೋರದಂತೆ ತಡೆಯುವುದು ಟೈಲಿನ ಕೆಳಗೆ ಬಳಿಯುವ ವಾಟರ್‌ಪ್ರೂಫಿಂಗ್ ಪದರ. ಅದನ್ನು ಗೋಡೆಯ ಬುಡಕ್ಕೂ ಮೇಲೆತ್ತಿ ಬಳಿದು, ನೀರು ಕಟ್ಟಿ ಒಂದು ದಿನ ನಿಲ್ಲಿಸಿ, ಸೋರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಟೈಲ್ ಹಾಕಿಸಿ. ಇಳಿಜಾರು ಮೀಟರಿಗೆ 1ರಿಂದ 2 ಸೆಂ.ಮೀ. ಇರಲಿ.

## ಜೋಡಣೆ, ಕತ್ತರಿಸುವಿಕೆ

ಅಂಟು ಕಲಸುವ ಮೊದಲು ಟೈಲ್‌ಗಳನ್ನು ಸುಮ್ನೆ ನೆಲದ ಮೇಲೆ ಜೋಡಿಸಿ ನೋಡಿ. ಒಂದು ಗೋಡೆಯಿಂದ ಶುರುಮಾಡಿದರೆ ಎದುರು ಗೋಡೆಯ ಹತ್ತಿರ ಎರಡು ಬೆರಳು ಅಗಲದ ಚೂರು ಉಳಿಯಬಹುದು. ಕೋಣೆಯ ನಡುವಿನ ಗೆರೆ ಹಿಡಿದು ಸ್ವಲ್ಪ ಸರಿಸಿದರೆ ಎರಡೂ ಬದಿಗೆ ಅರ್ಧಕ್ಕಿಂತ ದೊಡ್ಡ ತುಂಡು ಬರುತ್ತದೆ. ಇಟ್ಟಿಗೆಯಂತೆ ಅರ್ಧಕ್ಕೆ ಅರ್ಧ ಜೋಡಿಸುವುದು ಉದ್ದನೆಯ ಟೈಲ್‌ಗೆ ಆಗಿಬರುವುದಿಲ್ಲ. ಬಾಗಿನಿಂದಾಗಿ ಒಂದರ ತಗ್ಗಾದ ತುದಿ ಪಕ್ಕದ್ದರ ಉಬ್ಬಿದ ನಡುವಿಗೆ ಬಂದು, ಕಾಲಿಗೆ ತಾಗುವ ಏಣು ಉಳಿಯುತ್ತದೆ. ಮೂರನೇ ಒಂದು ಭಾಗದಷ್ಟೇ ಸರಿಸಿ ಜೋಡಿಸುವುದು ಒಳ್ಳೆಯದು.

ಪೋರ್ಸಲೇನ್ ಕತ್ತರಿಸಲು ನೀರು ಹಾಯಿಸುವ ಡೈಮಂಡ್ ಬ್ಲೇಡ್ ಬೇಕು. ಒಣ ಬ್ಲೇಡಿನಲ್ಲಿ ಕತ್ತರಿಸಿದರೆ ಏಳುವ ಬಿಳಿ ದೂಳಿನಲ್ಲಿ ಸಿಲಿಕಾ ಇರುತ್ತದೆ. ಅದರ ಸೂಕ್ಷ್ಮ ಕಣಗಳು ಶ್ವಾಸಕೋಶಕ್ಕೆ ಇಳಿದು ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ತರುತ್ತವೆ. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಅದು ತಡೆಯುವುದಿಲ್ಲ. ಕೆಲಸ ಮಾಡುವವರಿಗೆ ನೀರಿನ ವ್ಯವಸ್ಥೆ, ಸರಿಯಾದ ಮಾಸ್ಕ್ ಕೊಡುವುದು ಕೆಲಸ ಮಾಡಿಸುವವರ ಜವಾಬ್ದಾರಿ.

## ಸಂದು ಬಿಡಲೇಬೇಕಾ?

ಬಿಡಲೇಬೇಕು. ಸಂದೇ ಇಲ್ಲದ ನೆಲ ಎಲ್ಲರಿಗೂ ಇಷ್ಟ, ಆದರೆ ಅಲ್ಲಿಂದಲೇ ಟೈಲ್ ಏಳುವ ಕಥೆ ಶುರುವಾಗುತ್ತದೆ. 6 ಮೀಟರ್ ಉದ್ದದ ನೆಲ 30 ಡಿಗ್ರಿ ಬಿಸಿಯೇರಿದರೆ ಪೋರ್ಸಲೇನ್ ಒಟ್ಟು ಒಂದು ಮಿ.ಮೀ.ಗಿಂತ ಕೊಂಚ ಜಾಸ್ತಿ ಹಿಗ್ಗುತ್ತದೆ. ಕೆಳಗಿನ ಹೊಸ ಕಾಂಕ್ರೀಟ್ ಅದೇ ಹೊತ್ತಿಗೆ ಕುಗ್ಗುತ್ತಿರಬಹುದು. ಹಿಗ್ಗಲು ಜಾಗ ಇಲ್ಲದಿದ್ದರೆ ಟೈಲ್‌ಗಳು ಒಂದನ್ನೊಂದು ತಳ್ಳುತ್ತವೆ. ಅಂಟು ಎಲ್ಲಿ ಸಡಿಲವೋ ಅಲ್ಲಿ ಎರಡು ಟೈಲ್ ಎದ್ದು ನಿಲ್ಲುತ್ತವೆ, ಕೆಲವೊಮ್ಮೆ ದೊಡ್ಡ ಸದ್ದಿನೊಂದಿಗೆ.

ಟೈಲ್ ನಡುವೆ ರೆಕ್ಟಿಫೈಡ್ ಆದರೆ 2 ಮಿ.ಮೀ., ಇಲ್ಲದಿದ್ದರೆ 3 ಮಿ.ಮೀ. ಅಥವಾ ಜಾಸ್ತಿ ಬಿಡಿ. ಇದಕ್ಕಿಂತ ಮುಖ್ಯವಾದದ್ದು ಗೋಡೆಯ ಬುಡದಲ್ಲಿ ಸುತ್ತಲೂ ಸುಮಾರು 6 ಮಿ.ಮೀ. ಖಾಲಿ ಜಾಗ. ಅದರೊಳಗೆ ಸಿಮೆಂಟ್ ತುಂಬಬಾರದು. ಗೋಡೆಯ ಬುಡಕ್ಕೆ ಹಾಕುವ ಸ್ಕರ್ಟಿಂಗ್ ಪಟ್ಟಿ ಅದನ್ನು ಮುಚ್ಚಿಬಿಡುವುದರಿಂದ ಅಂದ ಕೆಡುವುದಿಲ್ಲ. ದೊಡ್ಡ ನೆಲವಾದರೆ ಒಳಗೆ 20ರಿಂದ 25 ಅಡಿಗೊಮ್ಮೆ, ಬಿಸಿಲು ಬೀಳುವಲ್ಲಿ 8ರಿಂದ 12 ಅಡಿಗೊಮ್ಮೆ ಒಂದು ಸಂದಿಗೆ ಗ್ರೌಟ್ (ಸಂದು ತುಂಬುವ ಗಾರೆ) ಬದಲು ರಬ್ಬರಿನಂಥ ಸೀಲೆಂಟ್ ತುಂಬಬೇಕು.

ಗ್ರೌಟ್ ತುಂಬಲು ಅಂಟು ಗಟ್ಟಿಯಾಗಬೇಕು, ಸಾಮಾನ್ಯವಾಗಿ ಒಂದು ದಿನ. ಅಲ್ಲಿಯವರೆಗೆ ಟೈಲ್ ಮೇಲೆ ಓಡಾಡುವುದು ಬೇಡ. ಸಿಮೆಂಟ್ ಗ್ರೌಟ್ ಅಗ್ಗ, ಆದರೆ ನೀರು ಹೀರುತ್ತದೆ, ಕಲೆ ಹಿಡಿಯುತ್ತದೆ. ಎಪಾಕ್ಸಿ ಎಂಬ ರಾಳದಿಂದ ಮಾಡಿದ ಗ್ರೌಟ್ ದುಬಾರಿ, ಹೀರುವುದಿಲ್ಲ. ಅಡುಗೆಮನೆಗೂ ಬಾತ್‌ರೂಮಿಗೂ ಎಪಾಕ್ಸಿಗೆ ಕೊಟ್ಟ ಹಣ ವ್ಯರ್ಥವಲ್ಲ. ಮೇಲೆ ಬಿದ್ದದ್ದನ್ನು ಮಾತ್ರ ಆಗಿಂದಾಗಲೇ ಒರೆಸಬೇಕು, ಗಟ್ಟಿಯಾದರೆ ಬಿಡಿಸುವುದು ಬಹಳ ಕಷ್ಟ.

## ಕೆಲಸ ಮುಗಿದ ಮೇಲೆ

ಹಣ ಪೂರ್ತಿ ಕೊಡುವ ಮೊದಲು ಒಂದು ನಾಣ್ಯ ಅಥವಾ ಮರದ ತುಂಡಿನಿಂದ ಪ್ರತಿ ಟೈಲ್ ತಟ್ಟಿ ನೋಡಿ, ಮೂಲೆಗಳನ್ನೂ ಸೇರಿಸಿ. ಟೊಳ್ಳು ಸದ್ದು ಬಂದಲ್ಲಿ ಗುರುತು ಹಾಕಿ. ಒಂದು ಮೂಲೆ ಮಾತ್ರ ಟೊಳ್ಳಾದರೆ ಆತಂಕ ಬೇಡ, ಇಡೀ ಟೈಲ್ ಟೊಳ್ಳಾದರೆ ತೆಗೆಸಿ ಹಾಕಿಸಿ.

ಮೇಲೆ ಉಳಿದ ಸಿಮೆಂಟಿನ ಬಿಳಿ ಮಬ್ಬನ್ನು ತೆಗೆಯಲು ಟೈಲ್‌ಗೆಂದೇ ಮಾಡಿದ ಕ್ಲೀನರ್ ಬಳಸಿ. ಹೈಡ್ರೋಫ್ಲೋರಿಕ್ ಆಸಿಡ್ ಇರುವ ಯಾವುದನ್ನೂ ಹತ್ತಿರ ತರಬೇಡಿ. ಗ್ಲೇಜ್ ಗಾಜು, ಆ ಆಸಿಡ್ ಗಾಜನ್ನೇ ತಿನ್ನುತ್ತದೆ. ಮೈಗೂ ತೀರಾ ಅಪಾಯ. ದಿನನಿತ್ಯಕ್ಕೆ ನೀರು, ಸೌಮ್ಯವಾದ ಸೋಪು ಸಾಕು. ಸೋಪು ಜಾಸ್ತಿಯಾದರೆ ಅದೇ ಪೊರೆಯಾಗಿ ಕೂತು ನೆಲ ಮಂಕಾಗುತ್ತದೆ.

ಟೈಲ್ ತರುವಾಗಲೇ ಲೆಕ್ಕಕ್ಕಿಂತ ಶೇ. 10ರಷ್ಟು ಜಾಸ್ತಿ ತಂದಿರಿ, ಓರೆಯಾಗಿ ಜೋಡಿಸುವುದಾದರೆ ಶೇ. 15. ಉಳಿದದ್ದನ್ನು ಶೇಡ್, ಕ್ಯಾಲಿಬರ್ ಗುರುತಿರುವ ಪೆಟ್ಟಿಗೆಯ ಸಮೇತ ಎತ್ತಿಡಿ. ಐದು ವರ್ಷದ ನಂತರ ಪೈಪ್ ರಿಪೇರಿಗೆಂದು ಒಂದು ಟೈಲ್ ಒಡೆದರೆ, ಅದೇ ಶೇಡ್ ಅಂಗಡಿಯಲ್ಲಿ ಸಿಗುವುದು ಅನುಮಾನ.